1975ರ ಪದ್ಮಿನಿಯೋ, 1985ರ ಮಾರುತಿ 800 ಕಾರೋ: ಒಂದನ್ನೇ ಉಳಿಸಿಕೊಳ್ಳುವುದಾದರೆ ಯಾವುದು?

ಪ್ರಶ್ನೆ
ಹಳೇಪೇಟೆಯ ಓದುಗ, ದಾವಣಗೆರೆ

ಮಾನ್ಯರೆ,

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದೇ ಕಾರು ನಿಲ್ಲುವಷ್ಟು ಜಾಗವಿದೆ. ಕೈಗೆ ಬರಬಹುದಾದ ಹಳೆಯ ಕಾರುಗಳು ಮಾತ್ರ ಎರಡಿವೆ. ಚಿತ್ರದುರ್ಗದಲ್ಲಿರುವ ನಮ್ಮ ದೊಡ್ಡಪ್ಪನವರ 1975ರ ಪ್ರೀಮಿಯರ್ ಪದ್ಮಿನಿ ಅವುಗಳಲ್ಲಿ ಮೊದಲನೆಯದು. ವಯಸ್ಸಿನ ಕಾರಣದಿಂದ ಅವರು ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ‘ಒಯ್ಯುವುದಾದರೆ ಒಯ್ಯಿ, ಗುಜರಿಗೆ ಮಾತ್ರ ಹಾಕಬೇಡ’ ಎಂಬುದಷ್ಟೇ ಅವರ ಷರತ್ತು. ಎರಡನೆಯದು ಹರಿಹರದ ಸ್ನೇಹಿತರೊಬ್ಬರ ಮನೆಯಲ್ಲಿರುವ 1985ರ ಮಾರುತಿ 800. ಇದು 1986ರಲ್ಲಿ ಹೊಸ ಬಾಡಿ ಬರುವುದಕ್ಕೆ ಮುಂಚಿನ, ಚೌಕಾಕಾರದ ಮೊದಲ ಮಾದರಿ.

ಪದ್ಮಿನಿಯ ಎಂಜಿನ್ ಜಾಮ್ ಆಗಿಲ್ಲ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಆದರೆ ಕೆಲವು ವರ್ಷಗಳಿಂದ ನಿಂತಲ್ಲೇ ನಿಂತಿದೆ. ಸ್ಟೀರಿಂಗ್ ಪಕ್ಕದಲ್ಲಿರುವ ಹ್ಯಾಂಡ್ ಗೇರಿನಲ್ಲಿ ಬಹಳ ಸಡಿಲವಿದ್ದು, ಯಾವ ಗೇರಿನಲ್ಲಿದೆ ಎಂಬುದು ಗಾಡಿ ಚಲಿಸಿದ ಮೇಲೆಯೇ ತಿಳಿಯುತ್ತದೆಂದು ದೊಡ್ಡಪ್ಪನವರೇ ಹೇಳುತ್ತಾರೆ. ಮಾರುತಿಯಾದರೋ ಈಗಲೂ ಸಲೀಸಾಗಿ ಓಡುತ್ತಿದೆ. ಆದರೆ ಯಾವಾಗಲೋ ಬಣ್ಣ ಬದಲಾಗಿದೆ, ಮುಂದಿನ ಬಂಪರ್ ನಂತರದ ಮಾದರಿಯದು, ಹಿಂದಿನ ದೀಪದ ಗಾಜೊಂದು ಒಡೆದಿದೆ.

ಪ್ರತಿದಿನದ ಓಡಾಟಕ್ಕೆ ಬೇರೆ ವಾಹನವಿದೆ. ಈ ಕಾರಿನಿಂದ ನನಗೆ ಬೇಕಾಗಿರುವುದು ಭಾನುವಾರ ಊರೊಳಗೆ ಒಂದು ಸುತ್ತು ಮತ್ತು ತಿಂಗಳಿಗೊಮ್ಮೆ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಹೋಗಿ ಬರುವುದು, ಅಷ್ಟೆ. ಮುಂದೆ ಮಾರಿದರೆ ಎಷ್ಟು ಸಿಗುತ್ತದೆ ಎಂಬ ಲೆಕ್ಕ ನನ್ನದಲ್ಲ. ಎರಡು ಬೇರೆ ಬೇರೆ ಕಾಲದ ಈ ಕಾರುಗಳನ್ನು ಓಡಿಸುವ ಅನುಭವ, ದುರಸ್ತಿ, ಬಿಡಿಭಾಗ ಮತ್ತು ಕಾಗದಪತ್ರಗಳ ದೃಷ್ಟಿಯಿಂದ ಹೋಲಿಸಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1
ಲೇತ್ ಮೇಸ್ತ್ರಿ, ಹರಿಹರ

ಎರಡೂ ಕಾರುಗಳ ಎಂಜಿನ್ ಬಿಚ್ಚಿ ಕಟ್ಟಿರುವವನಾದ್ದರಿಂದ ಯಂತ್ರದ ಕಡೆಯಿಂದಲೇ ಆರಂಭಿಸುತ್ತೇನೆ.

ಪದ್ಮಿನಿಯದು 1089 ಸಿ.ಸಿ.ಯ ನಾಲ್ಕು ಸಿಲಿಂಡರ್ ಎಂಜಿನ್, ಮಾರುತಿಯದು 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್. ಕಾಗದದ ಮೇಲೆ ಎರಡರ ಶಕ್ತಿಯೂ 40 ಅಶ್ವಶಕ್ತಿಯ ಆಸುಪಾಸಿನಲ್ಲೇ ಇದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ವ್ಯತ್ಯಾಸವಿರುವುದು ತೂಕದಲ್ಲಿ. ಪದ್ಮಿನಿ ಒಂಬತ್ತು ಕ್ವಿಂಟಲಿಗೆ ಹತ್ತಿರ ತೂಗಿದರೆ ಮಾರುತಿ ಅದಕ್ಕಿಂತ ಎರಡೂವರೆ ಕ್ವಿಂಟಲಿನಷ್ಟು ಹಗುರ. ಅಷ್ಟೇ ಶಕ್ತಿ ಅಷ್ಟು ಕಡಿಮೆ ಭಾರವನ್ನು ಎಳೆಯುವುದರಿಂದ ಮಾರುತಿ ಚುರುಕಾಗಿ ಹೊರಡುತ್ತದೆ, ಪೆಟ್ರೋಲನ್ನೂ ಕಡಿಮೆ ಕುಡಿಯುತ್ತದೆ. ಪದ್ಮಿನಿಯ ವಿನ್ಯಾಸ ಇಟಲಿಯಲ್ಲಿ 1953ರಲ್ಲಿ ಬಂದ ಫಿಯಟ್ 1100 ಕಾರಿನ ವಂಶದ್ದು. ಎಂಜಿನ್ ಮುಂದೆ, ನಡುವೆ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಪ್ಲೇಟ್ ಸ್ಪ್ರಿಂಗ್ ಮೇಲೆ ಕುಳಿತ ಆಕ್ಸಲ್. ಮಾರುತಿಯಲ್ಲಿ ಎಂಜಿನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸಿದ್ದಾರೆ. ಆದ್ದರಿಂದ ಮೂರೂಕಾಲು ಮೀಟರಿನ ಪುಟ್ಟ ಕಾರಿನಲ್ಲಿ ನಾಲ್ಕು ಜನಕ್ಕೆ ಕಾಲಿಡಲು ಜಾಗ ಉಳಿಯಿತು.

ದುರಸ್ತಿಯ ವಿಷಯಕ್ಕೆ ಬಂದರೆ ನನ್ನ ಒಲವು ಪದ್ಮಿನಿಯ ಕಡೆಗೆ. ಅದನ್ನು ರೂಪಿಸಿದವರು ಪ್ರತಿಯೊಂದು ಭಾಗವೂ ಒಂದು ದಿನ ಬಿಚ್ಚಲ್ಪಡುತ್ತದೆ ಎಂದುಕೊಂಡೇ ರೂಪಿಸಿದ್ದಾರೆ. ವಾಟರ್ ಪಂಪ್, ಪೆಟ್ರೋಲ್ ಪಂಪ್, ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್, ಸೆಲ್ಫ್ ಮೋಟಾರ್ ಎಲ್ಲವನ್ನೂ ಬಿಚ್ಚಿ, ಸವೆದ ಬುಷ್ (ತಿರುಗುವ ಭಾಗವನ್ನು ಹಿಡಿದಿಡುವ ಬಳೆ) ತೆಗೆದು, ಹೊಸದನ್ನು ಕೂರಿಸಿ ಮತ್ತೆ ಜೋಡಿಸಬಹುದು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಕಾಲದಿಂದಲೂ ನಮ್ಮ ಭಾಗದಲ್ಲಿ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲವಾದ್ದರಿಂದ, ತಾವು ಹೇಳಿದ ಹ್ಯಾಂಡ್ ಗೇರಿನ ಸಡಿಲವನ್ನು ಇಲ್ಲಿಯೇ ಸರಿಪಡಿಸಬಹುದು. ಸ್ಟೀರಿಂಗ್ ಕಾಲಮ್ಮಿನ ಪಕ್ಕದಲ್ಲಿ ಇಳಿದು ಗೇರ್ ಬಾಕ್ಸ್ ತಲುಪುವ ಸರಳುಗಳ ಕೀಲುಗಳಲ್ಲಿ ಸಣ್ಣ ಬುಷ್‌ಗಳಿರುತ್ತವೆ. ಒಂದೊಂದರಲ್ಲಿ ಕೂದಲೆಳೆಯಷ್ಟು ಸವೆತವಿದ್ದರೂ ಎಲ್ಲ ಸೇರಿ ಮೇಲಿನ ಹಿಡಿಕೆಯಲ್ಲಿ ಗೇಣುದ್ದದ ಸಡಿಲವಾಗಿ ಕಾಣುತ್ತದೆ. ಹಾಗೆಂದು ಗೇರ್ ಬಾಕ್ಸ್ ಕೆಟ್ಟಿದೆಯೆಂದು ಇಳಿಸಲು ಹೊರಡುವವರ ಮಾತಿಗೆ ಕಿವಿಗೊಡಬೇಡಿ. ಮೊದಲು ಬುಷ್ ಬದಲಾಯಿಸಿ, ಆಮೇಲೆ ಮುಂದಿನ ಮಾತು.

ಪದ್ಮಿನಿಯ ನಿಜವಾದ ಶತ್ರು ಬಿಸಿ. ಅದರ ಬ್ಲಾಕ್ ಎರಕದ ಕಬ್ಬಿಣದ್ದು, ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು. ಎಂಜಿನ್ ಒಮ್ಮೆ ಮಿತಿಮೀರಿ ಕಾದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹಾರುತ್ತದೆ, ನೀರು ಆಯಿಲ್‌ಗೆ ಸೇರುತ್ತದೆ. ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಿರುವ ಕಾರುಗಳಲ್ಲಿ ಒಳಗಿನ ಕೊಳವೆಗಳು ಬಿಳಿಯ ಗಾರೆ ಕಟ್ಟಿ ಅರ್ಧಕ್ಕರ್ಧ ಮುಚ್ಚಿಹೋಗಿರುತ್ತವೆ. ಚಿತ್ರದುರ್ಗದಲ್ಲಿ ಬಾಳಿದ ಗಾಡಿಯಾದ್ದರಿಂದ ರೇಡಿಯೇಟರನ್ನು ಇಳಿಸಿ, ಮೇಲಿನ ತೊಟ್ಟಿಯ ಬೆಸುಗೆ ಬಿಚ್ಚಿಸಿ, ಕೊಳವೆಗಳಿಗೆ ಸರಳು ಹಾಯಿಸಿ ಶುಚಿ ಮಾಡಿಸುವುದೇ ತಾವು ಮಾಡಿಸಬೇಕಾದ ಮೊದಲ ಕೆಲಸ. ಅಲ್ಲಿಂದ ಮುಂದೆ ಕೂಲೆಂಟ್ ಬಿಟ್ಟು ಬೇರೇನನ್ನೂ ಹಾಕಬಾರದು.

ಪೆಟ್ರೋಲಿನ ವಿಷಯ ಎರಡು ಕಾರುಗಳಿಗೂ ಒಂದೇ. ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಆ ಕಾಲದ ರಬ್ಬರಿಗೆ ಒಗ್ಗುವುದಿಲ್ಲ. ಹಳೆಯ ಪೈಪು ಮೆತ್ತಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ, ಪಂಪಿನ ಒಳಗಿನ ಪೊರೆ ಊದಿಕೊಳ್ಳುತ್ತದೆ. ಎಥನಾಲಿಗೆ ತೇವ ಹೀರುವ ಗುಣವೂ ಇರುವುದರಿಂದ, ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿಗೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಎಥನಾಲ್ ತಾಳುವ ಹೊಸ ಪೈಪುಗಳನ್ನು ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಪೂರ್ತಿ ಹಾಕಿಸಿ. ಇದರಲ್ಲಿ ಮಾತ್ರ ಜಿಪುಣತನ ಬೇಡ, ಬೆಂಕಿಯ ವಿಷಯವಿದು.

ಉತ್ತರ 2
ಕೋಟೆ ಊರಿನವನು, ಚಿತ್ರದುರ್ಗ

ಮೇಸ್ತ್ರಿಯವರ ಯಂತ್ರಜ್ಞಾನದ ಬಗ್ಗೆ ಗೌರವವಿದೆ. ಆದರೂ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಪದ್ಮಿನಿ ಅಪರೂಪದ ಕಾರಲ್ಲ. ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ 1964ರಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗತೊಡಗಿ, 1974ರಿಂದ ಪದ್ಮಿನಿ ಎನಿಸಿಕೊಂಡು, ಈ ಶತಮಾನದ ಆರಂಭದವರೆಗೂ ಹೆಚ್ಚಿನ ಬದಲಾವಣೆಯಿಲ್ಲದೆ ಬಂದ ಕಾರು ಅದು. ಮಾರುತಿಯ ಮೊದಲ ಬಾಡಿಯಾದರೆ 1983ರ ಡಿಸೆಂಬರ್‌ನಿಂದ 1986ರವರೆಗೆ ಮಾತ್ರ ಬಂದದ್ದು. ಜನರು ಅದನ್ನು ಮನೆಬಳಕೆಯ ಪಾತ್ರೆಯಂತೆ ಸವೆಯುವವರೆಗೆ ಬಳಸಿ ಬಿಸಾಡಿದರು; ಪ್ರೀತಿಯಿಂದ ಎತ್ತಿಟ್ಟವರು ವಿರಳ. ಇವತ್ತು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳನ್ನು ಜಾಲಾಡಿದರೂ ಓಡುವ ಸ್ಥಿತಿಯ ಪದ್ಮಿನಿಗಳು ಸಿಕ್ಕಾವು, ಮೊದಲ ಬಾಡಿಯ ಮಾರುತಿ ಸಿಗುವುದು ಕಷ್ಟ.

ಚರಿತ್ರೆಯ ದೃಷ್ಟಿಯಿಂದಲೂ ಮಾರುತಿಯ ತೂಕ ಹೆಚ್ಚು. ಪದ್ಮಿನಿಯ ಕಾಲದಲ್ಲಿ ಕಾರು ಕೊಳ್ಳುವವನಿಗೆ ಫಿಯಟ್, ಅಂಬಾಸಡರ್, ಸ್ಟ್ಯಾಂಡರ್ಡ್ ಈ ಮೂರರಾಚೆ ಆಯ್ಕೆಯೇ ಇರಲಿಲ್ಲ. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕೊಳ್ಳುವವನೇ ಕಾದು ನಿಂತಿರುವಾಗ ತಯಾರಕನಿಗೆ ಕಾರನ್ನು ಸುಧಾರಿಸುವ ತುರ್ತಾದರೂ ಏನಿರುತ್ತದೆ? 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿಕೈ ಕೊಟ್ಟ ದಿನದಿಂದ ಆ ಜಡತ್ವ ಮುರಿಯಿತು. ಚಳಿಯ ಬೆಳಗಿನಲ್ಲೂ ಗೊಣಗದೆ ಹೊತ್ತಿಕೊಳ್ಳುವ, ಹೆಣ್ಣುಮಕ್ಕಳೂ ವಯಸ್ಸಾದವರೂ ತೋಳ್ಬಲವಿಲ್ಲದೆ ತಿರುಗಿಸಬಹುದಾದ ಕಾರು ಮಧ್ಯಮವರ್ಗದ ಮನೆಯ ಮುಂದೆ ಬಂದು ನಿಂತದ್ದು ಆಗ. ಆ ತಿರುವಿನ ಸಾಕ್ಷಿಯೊಂದು ಹರಿಹರದಲ್ಲಿ ಓಡುವ ಸ್ಥಿತಿಯಲ್ಲಿದ್ದರೆ ಅದನ್ನು ಬಿಟ್ಟು ನಿಂತ ಕಾರಿನ ಹಿಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಬಿಡಿಭಾಗದ ಭಯವೂ ಅರ್ಧ ಸತ್ಯ. 796 ಸಿ.ಸಿ.ಯ ಅದೇ ಎಂಜಿನ್ 1984ರಲ್ಲಿ ಬಂದ ಮಾರುತಿ ವ್ಯಾನಿನಲ್ಲಿಯೂ ಇತ್ತು. ಆ ವ್ಯಾನು ಓಮ್ನಿಯಾಗಿ 2019ರವರೆಗೂ ತಯಾರಾಯಿತು. ಪಿಸ್ಟನ್, ರಿಂಗ್, ವಾಲ್ವ್ ಮುಂತಾದವು ದಾವಣಗೆರೆಯ ಬಿಡಿಭಾಗದ ಅಂಗಡಿಯಲ್ಲೇ ಸಿಗುತ್ತವೆ. ಇನ್ನು ಹೆದ್ದಾರಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬರುವ ಅರವತ್ತು ಕಿಲೋಮೀಟರಿನಲ್ಲಿ ಲಾರಿಗಳೇ ಎಂಬತ್ತರಲ್ಲಿ ಓಡುತ್ತಿರುವಾಗ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಪದ್ಮಿನಿಯನ್ನು ಅರವತ್ತರಲ್ಲಿ ನಡೆಸುವುದು ವಿಹಾರವಲ್ಲ, ತಪಸ್ಸು.

ಉತ್ತರ 3
ಲೇತ್ ಮೇಸ್ತ್ರಿ, ಹರಿಹರ

ಮಾರುತಿಯ ಎಂಜಿನ್ ಭಾಗಗಳು ಸಿಗುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯ ಕಾರನ್ನು ಕೊನೆಗೆ ಮೂಲೆಗೆ ತಳ್ಳುವುದು ಎಂಜಿನ್ ಅಲ್ಲ, ಬಾಡಿ. ಪ್ರಶ್ನೆ ಕೇಳಿದವರು ತಾವಾಗಿಯೇ ಬರೆದಿರುವ ಮೂರು ಸಂಗತಿಗಳನ್ನು ನೋಡಿ: ಬಣ್ಣ ಬದಲಾಗಿದೆ, ಬಂಪರ್ ಬೇರೆ ಮಾದರಿಯದು, ದೀಪದ ಗಾಜು ಒಡೆದಿದೆ. ಮೊದಲ ಬಾಡಿಯ ದೀಪ, ಮುಂದಿನ ಜಾಲರಿ, ಬಂಪರ್, ಬಾಗಿಲಿನ ರಬ್ಬರ್, ಗಾಜು ಯಾವುದೂ 1986ರ ನಂತರದ ಕಾರಿನದು ಸರಿಯಾಗಿ ಕೂರುವುದಿಲ್ಲ. ಪ್ಲಾಸ್ಟಿಕ್ಕಿನ ದೀಪವನ್ನು ಲೇತಿನಲ್ಲಿ ಕಡೆಯಲು ನನ್ನಿಂದಂತೂ ಆಗದು. ಮೂರೇ ವರ್ಷ ಬಂದದ್ದೆಂಬ ಅಪರೂಪವೇ ಇಲ್ಲಿ ಅದಕ್ಕೆ ಮುಳುವಾಗಿದೆ.

ಪದ್ಮಿನಿಯದು ತದ್ವಿರುದ್ಧ. ದಶಕಗಳ ಕಾಲ ಅದೇ ಆಕಾರದಲ್ಲಿ ತಯಾರಾಗಿ, ಮುಂಬಯಿಯಲ್ಲಿ 2023ರ ಅಕ್ಟೋಬರ್‌ವರೆಗೂ ಟ್ಯಾಕ್ಸಿಯಾಗಿ ದುಡಿದ ಕಾರಾದ್ದರಿಂದ ಅದರ ಸಾಮಾನುಗಳ ವ್ಯಾಪಾರ ಮೊನ್ನೆಮೊನ್ನೆಯವರೆಗೂ ಜೀವಂತವಾಗಿತ್ತು. ಹಳೆಯ ದಾಸ್ತಾನು ಇನ್ನೂ ಹೊರಬರುತ್ತಿದೆ. ಬಾಡಿಯ ತಗಡೂ ದಪ್ಪ. ಒಳ್ಳೆಯ ಟಿಂಕರ್ ಕೊಳೆತ ಭಾಗವನ್ನು ಕತ್ತರಿಸಿ, ಹೊಸ ತಗಡನ್ನು ಬಡಿದು ಬಾಗಿಸಿ ಬೆಸೆದರೆ ಅದು ಮತ್ತೆ ಹಲವು ವರ್ಷ ಬಾಳುತ್ತದೆ. ಮಾರುತಿಯ ತೆಳು ತಗಡಿಗೆ ಬೆಸುಗೆಯ ಬಿಸಿ ತಗುಲಿದರೆ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಅದನ್ನು ಸರಿ ಮಾಡುವ ಕೈ ಬೇರೆಯೇ ಆಗಬೇಕು, ಪುಟ್ಟಿಯಲ್ಲಿ ಮುಚ್ಚುವವರೇ ಹೆಚ್ಚು.

ಹೆದ್ದಾರಿಯ ವಿಷಯದಲ್ಲಿ ಕೋಟೆ ಊರಿನವರ ಮಾತು ನಿಜ. ಡ್ರಮ್ ಬ್ರೇಕ್ ಸರಿಯಾಗಿ ಹೊಂದಿಸಿದರೆ ನಿಲ್ಲಿಸುತ್ತದೆ, ಆದರೆ ಮುಂದಿನ ವಾಹನದಿಂದ ಇಮ್ಮಡಿ ಅಂತರ ಇಟ್ಟುಕೊಳ್ಳಬೇಕು. ನಾಲ್ಕೂ ಚಕ್ರದ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಬ್ರೇಕ್ ಹೋಸ್ ಹೊಸದಾಗುವವರೆಗೆ ನಿಂತ ಪದ್ಮಿನಿಯನ್ನು ಹೆದ್ದಾರಿಗೆ ತರುವ ಮಾತೇ ಬೇಡ.

ಉತ್ತರ 4
ನಿವೃತ್ತ ಗುಮಾಸ್ತ, ದಾವಣಗೆರೆ

ಕಾಗದಪತ್ರದ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಕೆಲವು ಮಾತು.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆ ನಂತರ ಐದೈದು ವರ್ಷಕ್ಕೊಮ್ಮೆ ವಾಹನವನ್ನು ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ಹಳೆಯ ವಾಹನಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರಲ್ಲಿಯೂ 2025ರಲ್ಲಿಯೂ ಏರಿಸಿದೆ. ಎರಡೂ ಕಾರುಗಳು ಇಪ್ಪತ್ತು ವರ್ಷ ದಾಟಿರುವುದರಿಂದ ಶುಲ್ಕದಲ್ಲಿ ವ್ಯತ್ಯಾಸವಾಗದು. ವ್ಯತ್ಯಾಸವಾಗಬಹುದಾದದ್ದು ನವೀಕರಣ ತಪ್ಪಿಹೋಗಿದೆಯೇ ಎಂಬುದರಿಂದ. ನಿಂತ ಕಾರುಗಳಲ್ಲಿ ಇದು ಸಾಮಾನ್ಯ. ಆರ್.ಸಿ. ಪುಸ್ತಕವನ್ನು ತರಿಸಿಕೊಂಡು, ಅದರಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆ ಕೊರೆದ ಸಂಖ್ಯೆಗಳೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಎಂದೋ ಎಂಜಿನ್ ಬದಲಾಯಿಸಿ ಪುಸ್ತಕದಲ್ಲಿ ದಾಖಲಿಸದೆ ಬಿಟ್ಟಿದ್ದರೆ ಆರ್.ಟಿ.ಒ. ಕಚೇರಿಯಲ್ಲಿ ಅರ್ಜಿ ಮುಂದಕ್ಕೆ ಸರಿಯುವುದಿಲ್ಲ.

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಈ ಭಾಗದ ಅಷ್ಟು ಹಳೆಯ ಕಾರಿನ ಮೂಲ ದಾಖಲೆ ಚಿತ್ರದುರ್ಗದಲ್ಲಿರಬಹುದು, ಅಲ್ಲಿಯೂ ವಿಚಾರಿಸಬೇಕಾದೀತು. ದೊಡ್ಡಪ್ಪನವರು ಸಹಿ ಮಾಡಬಲ್ಲ ಸ್ಥಿತಿಯಲ್ಲಿರುವಾಗಲೇ ವರ್ಗಾವಣೆ ಮುಗಿಸಿಕೊಳ್ಳಿ ಎಂಬುದು ನನ್ನ ವಿನಂತಿ; ಅವರ ನಂತರವೆಂದರೆ ವಾರಸುದಾರರೆಲ್ಲರ ಒಪ್ಪಿಗೆ ಪತ್ರಗಳ ಬೆನ್ನು ಹತ್ತಬೇಕಾಗುತ್ತದೆ.

ಇನ್ನೊಂದು ಸಂಗತಿ ತಮ್ಮ ಉದ್ದೇಶಕ್ಕೆ ನೇರವಾಗಿ ಸಂಬಂಧಿಸಿದ್ದು. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. 1975ರ ಪದ್ಮಿನಿ ಆ ವಯಸ್ಸು ತಲುಪಿದೆ, ಮಾರುತಿ ತಲುಪಿಲ್ಲ. ಈ ಗೌರವಕ್ಕೆ ಮರುಳಾಗುವ ಮುನ್ನ ಒಂದು ಕಟ್ಟುಪಾಡು ತಿಳಿದಿರಲಿ: ಹಾಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವುಗಳಿಗಷ್ಟೇ ರಸ್ತೆಗೆ ತರಬಹುದು, ನಿಯಮಿತ ಓಡಾಟಕ್ಕೆ ಅವಕಾಶವಿಲ್ಲ. ತಿಂಗಳಿಗೊಮ್ಮೆ ಚಿತ್ರದುರ್ಗಕ್ಕೆ ಹೋಗಿ ಬರುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಲೇಸು.

ಪ್ರಶ್ನೆ ಕೇಳಿದವರಿಂದ
ಹಳೇಪೇಟೆಯ ಓದುಗ, ದಾವಣಗೆರೆ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಕೋಟೆ ಊರಿನವರ ವಾದ ಮನಸ್ಸಿಗೆ ಹಿಡಿಸಿತು. ಮಾರುತಿಯ ಮೊದಲ ಬಾಡಿಗೆ ಚರಿತ್ರೆಯಲ್ಲಿರುವ ಸ್ಥಾನವನ್ನು ನಾನು ಈ ರೀತಿ ಯೋಚಿಸಿರಲಿಲ್ಲ. ಆದರೆ ಬಾಡಿಯ ಬಿಡಿಭಾಗಗಳನ್ನು ಹುಡುಕುತ್ತಾ ಕೂರುವಷ್ಟು ಬಿಡುವು ನನಗಿಲ್ಲ. ಹರಿಹರದ ಸ್ನೇಹಿತರು ಹೇಗೂ ಅದನ್ನು ಚೆನ್ನಾಗಿ ಓಡಿಸುತ್ತಿದ್ದಾರೆ. ಮಾರುವ ಅವಸರವೂ ಅವರಿಗಿಲ್ಲವಂತೆ. ಪದ್ಮಿನಿಯನ್ನು ಬಿಟ್ಟರೆ ಅದಕ್ಕೆ ಗುಜರಿಯೇ ಗತಿ. ಆದ್ದರಿಂದ ಪದ್ಮಿನಿಯತ್ತಲೇ ಒಲಿದಿದ್ದೇನೆ, ಕಾಗದಪತ್ರ ಸರಿಯಿದ್ದರೆ.

ಮುಂದಿನ ವಾರ ಚಿತ್ರದುರ್ಗಕ್ಕೆ ಹೋಗುತ್ತಿದ್ದೇನೆ. ಸೆಲ್ಫ್ ಹೊಡೆಯುವ ಮುನ್ನ ಏನೇನು ನೋಡಬೇಕೆಂದು ಮೇಸ್ತ್ರಿಯವರು ತಿಳಿಸಿದರೆ ಉಪಕಾರವಾಗುತ್ತದೆ. ಟೈರುಗಳಲ್ಲಿ ಗಾಳಿ ನಿಲ್ಲುತ್ತಿದೆಯಂತೆ, ಹಾಗೆಯೇ ಓಡಿಸಿಕೊಂಡು ಬರಬಹುದೇ?

ಉತ್ತರ 5
ಲೇತ್ ಮೇಸ್ತ್ರಿ, ಹರಿಹರ

ಓಡಿಸಿಕೊಂಡು ಬರಬೇಡಿ, ಕಾರು ಹೊರುವ ಲಾರಿಯ ಮೇಲೆ ತನ್ನಿ.

ಅಲ್ಲಿ ಹೋದ ಮೇಲೆ ಸೆಲ್ಫಿನ ಆಸೆಯನ್ನು ಬದಿಗಿಟ್ಟು ಮೊದಲು ಮ್ಯಾಟ್ ಎತ್ತಿ ನೋಡಿ. ಡ್ರೈವರ್ ಕಾಲಿಡುವ ಜಾಗ, ಬಾಗಿಲ ಕೆಳಗಿನ ಹೊಸ್ತಿಲು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಹಿಂದಿನ ಪ್ಲೇಟ್ ಸ್ಪ್ರಿಂಗ್ ಬಾಡಿಗೆ ಸೇರುವ ಕಡೆ — ಈ ಜಾಗಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಟಣ್ ಎಂದರೆ ತಗಡು ಜೀವಂತವಾಗಿದೆ. ತುದಿ ಒಳಗಿಳಿದು ಕಂದು ಪುಡಿ ಉದುರಿದರೆ ಅಷ್ಟು ಭಾಗ ಹೊಸ ತಗಡಾಗಬೇಕು. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಸ್ಪ್ರಿಂಗಿನ ಕೊಂಡಿಯ ಬಳಿ ಕೊಳೆತಿದ್ದರೆ ಅದು ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಚಿತ್ರದುರ್ಗದ್ದು ಒಣ ಹವೆಯಾದ್ದರಿಂದ ಕರಾವಳಿಯ ಕಾರಿಗಿಂತ ತಗಡು ಚೆನ್ನಾಗಿರುವ ನಿರೀಕ್ಷೆ ನನಗಿದೆ. ಅದೇ ಒಣ ಬಿಸಿಲು ರಬ್ಬರನ್ನೆಲ್ಲ ಕಲ್ಲಾಗಿಸಿರುತ್ತದೆ.

ಎಂಜಿನ್ನಿಗೆ ಬಂದರೆ, ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದುಬಿಡಿ. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯೆಲ್ಲ ಬಿಡಿ. ಮರುದಿನ ಪ್ಲಗ್ ಹಾಕದೆಯೇ ಕೈಯಿಂದ ತಿರುಗಿಸಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಪಾಯಿಂಟಿನ (ಕಿಡಿಗಾಗಿ ತೆರೆದು ಮುಚ್ಚುವ ಸಣ್ಣ ಲೋಹದ ತುದಿಗಳು) ಮೇಲೆ ಕಿಲುಬು ಕಟ್ಟಿರುವುದು ಕಂಡೀತು. ಉಪ್ಪುಕಾಗದದಿಂದ ಉಜ್ಜಿ, ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಅಂತರಕ್ಕೆ ಹೊಂದಿಸಿ. ಹೊಸ ಆಯಿಲ್, ಹೊಸ ಬ್ಯಾಟರಿ, ಹೊರಗೆ ಡಬ್ಬಿಯಲ್ಲಿಟ್ಟ ಹೊಸ ಪೆಟ್ರೋಲು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇವಿಷ್ಟು ಇದ್ದ ಮೇಲೆ ಸೆಲ್ಫ್ ಹೊಡೆಯಬಹುದು.

ಟೈರಿನಲ್ಲಿ ಗಾಳಿ ನಿಂತಿದೆಯೆಂಬುದು ಏನನ್ನೂ ಹೇಳುವುದಿಲ್ಲ. ಪಕ್ಕದ ಗೋಡೆಯ ಮೇಲೆ ನಾಲ್ಕಂಕಿಯ ಮುದ್ರೆಯೊಂದು ಇರುತ್ತದೆ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ವರ್ಷ. ಹತ್ತು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇದ್ದರೂ ಲಾರಿ ಹತ್ತಿಸುವುದಕ್ಕಷ್ಟೇ ಬಳಸಿ. ಹೊಸದಾಗಿ ಕೊಳ್ಳುವಾಗ 14 ಇಂಚಿನದು ಎಂದು ಕೇಳಿ, ನಾಲ್ಕಲ್ಲ, ಸ್ಟೆಪ್ನಿ ಸೇರಿ ಐದು ಕೊಳ್ಳಿ. ಅಂಗಡಿಯವರು ಮಾರುತಿಯ 12 ಇಂಚಿನದನ್ನು ತೋರಿಸಿದರೆ ಕೋಟೆ ಊರಿನವರ ವಿಳಾಸ ಕೊಟ್ಟು ಕಳಿಸಿ.